ಪೋಲೆಂಡಿನ ಸಭೆಯೂ ಪೋಲೆಂಡಿನ ಸೈನ್ಯವೂ



ಶಾಸನಸಭೆಯಲ್ಲಿ ವಾದವಿವಾದಗಳು ನಡೆಯುವುದು ಸ್ವಾತಂತ್ರ್ಯದ ಲಕ್ಷಣ. ರಾಜ್ಯರಕ್ಷಣೆಯ ವಿಷಯದಲ್ಲಿಯೂ ಸದಸ್ಯರು ಕಣ್ಣುಮುಚ್ಚಿ ಕೈಯೆತ್ತಬೇಕೆಂದು ವಿವೇಕಿಗಳಾರೂ ಹೇಳಲಾರರು. ಆದರೆ ವಿಚಾರಮಾಡುವುದಕ್ಕಾಗಿ ಆಗುವ ತಡವೇ ಬೇರೆ. ಕಾರ್ಯ ಕೆಡಲೆಂದು ಮಾಡುವ ತಡವೇ ಬೇರೆ. ನೋಡುವವರಿಗೆ ಎರಡೂ ಒಂದೇ ವೇಷದಲ್ಲಿ ಕಾಣುತ್ತವೆ. ಈ ಭೇದವನ್ನು ಕಾಲದಲ್ಲಿ ಅರಿಯದೆ ಹೋದ ಒಂದು ದೇಶದ ವೃತ್ತಾಂತವನ್ನು ಈ ಹೊತ್ತು ತಮ್ಮಲ್ಲಿ ಅರಿಕೆಮಾಡುತ್ತೇನೆ. ಆ ದೇಶ ಪೋಲೆಂಡ್.

1569ರಲ್ಲಿ ಪೋಲೆಂಡೂ ಲಿಥುವೇನಿಯವೂ ಒಂದುಗೂಡಿ ಯೂರೋಪಿನ ಅತಿವಿಸ್ತಾರವಾದ ರಾಜ್ಯಗಳಲ್ಲೊಂದಾದುವು. ಅಲ್ಲಿ ದೊರೆಯನ್ನು ಕುಲೀನರೇ ಆರಿಸುತ್ತಿದ್ದರು. ಅವರ ಪ್ರತಿನಿಧಿಗಳ ಸಭೆಗೆ ಸೆಯ್ಮ್ ಎಂದು ಹೆಸರು. ಎರಡು ವರ್ಷಕ್ಕೊಮ್ಮೆ ಆರು ವಾರಗಳ ಕಾಲ ಸೇರತಕ್ಕ ಈ ಸಭೆಯಲ್ಲಿ ಸರ್ವಾನುಮತವಿಲ್ಲದೆ ಯಾವ ಶಾಸನವೂ ಆಗುವಂತಿರಲಿಲ್ಲ. ಒಬ್ಬನೇ ಒಬ್ಬ ಸದಸ್ಯನು ಎದ್ದು ‘ನಾನು ಒಪ್ಪೆನು’ ಎಂದರೆ ಆಯಿತು. ಆ ಮಸೂದೆಯಷ್ಟೇ ಅಲ್ಲ, ಅದೇ ಅಧಿವೇಶನದಲ್ಲಿ ಅದುವರೆಗೆ ತೀರ್ಮಾನವಾಗಿದ್ದುದೆಲ್ಲವೂ ಬಿದ್ದುಹೋಗುತ್ತಿತ್ತು. ಇದನ್ನೇ ಇತಿಹಾಸಕಾರರು ‘ಲಿಬೆರುಮ್ ವೀಟೊ’ ಎಂದು ಕರೆಯುತ್ತಾರೆ.

ಮೊದಲು ಈ ಪದ್ಧತಿ ಪರಸ್ಪರ ಒಡಂಬಡಿಕೆಯ ಸಾಧನವಾಗಿತ್ತು. ಭಿನ್ನಾಭಿಪ್ರಾಯವುಳ್ಳವರನ್ನು ಒಪ್ಪಿಸಿಯೇ ಮುಂದೆ ಹೋಗುತ್ತಿದ್ದರು. 1652ರಲ್ಲಿ ಈ ಮರ್ಯಾದೆ ಮುರಿಯಿತು. ಕೊಸಾಕರ ದಂಗೆಯಿಂದ ರಾಜ್ಯವು ತತ್ತರಿಸುತ್ತಿದ್ದ ಕಾಲ. ಅಧಿವೇಶನವನ್ನು ಕೆಲವು ದಿನ ಮುಂದುವರಿಸಬೇಕೆಂಬ ಸೂಚನೆಗೆ ಸಿಚಿನ್ಸ್ಕಿ ಎಂಬ ಸದಸ್ಯನು ಆಕ್ಷೇಪಣೆಯನ್ನು ದಾಖಲುಮಾಡಿ ಹೊರಟುಹೋದನು. ಅವನನ್ನು ಒಪ್ಪಿಸೋಣವೆಂದರೆ ಅವನೇ ಇಲ್ಲ! ಸಭೆ ವಿಸರ್ಜನೆಯಾಯಿತು. ಅವನು ಆಕ್ಷೇಪಿಸಿದುದು ಅಷ್ಟು ದೊಡ್ಡ ತಪ್ಪಲ್ಲ. ಆಕ್ಷೇಪಿಸಿ ಉತ್ತರವನ್ನು ಕೇಳಲು ನಿಲ್ಲದೆ ಹೋದುದೇ ದೊಡ್ಡ ತಪ್ಪು.

ಈ ಕುಲೀನರೆಲ್ಲರೂ ದೇಶದ್ರೋಹಿಗಳೆಂದು ತಿಳಿಯಬಾರದು. ದೊಡ್ಡ ಸೈನ್ಯವು ದೊರೆಯ ಕೈಗೆ ಬಂದರೆ ಅವನು ಅದರಿಂದ ತಮ್ಮನ್ನೇ ತುಳಿದಾನೆಂಬ ಭಯ ಅವರಿಗಿತ್ತು. ನೆರೆಯ ದೇಶಗಳಲ್ಲಿ ಅರಸರ ನಿರಂಕುಶಾಧಿಕಾರವು ಬೆಳೆಯುತ್ತಿದ್ದುದರಿಂದ ಆ ಭಯ ನಿರಾಧಾರವಾದುದಲ್ಲ. ಆದರೆ ಅದರ ಬೆನ್ನಿಗೇ ಎರಡು ಸ್ವಾರ್ಥಗಳು ಅಡಗಿದ್ದುವು. ಸೈನ್ಯಕ್ಕೆ ತೆರಿಗೆ ಬೇಕು. ತೆರಿಗೆ ತಮ್ಮ ಜಮೀನಿನ ಮೇಲೆ ಬೀಳುತ್ತದೆ. ಇನ್ನು ರಾಜ್ಯವು ಬಲವಾದರೆ ಅದರ ಕೀರ್ತಿ ಎದುರುಪಕ್ಷದ ಮನೆತನಕ್ಕೆ ಸಲ್ಲುತ್ತದೆ. ಒಂದು ಪಕ್ಷ ಕಟ್ಟಿದುದನ್ನು ಇನ್ನೊಂದು ಕೆಡವುವುದಕ್ಕೆ ‘ಸ್ವಾತಂತ್ರ್ಯರಕ್ಷಣೆ’ ಎಂದು ಹೆಸರಾಯಿತು. ಅಡಿಯಾಳಾಗಿ ದುಡಿಯುತ್ತಿದ್ದ ರೈತನಿಗೆ ಆ ಸ್ವಾತಂತ್ರ್ಯದಲ್ಲಿ ಪಾಲಿರಲಿಲ್ಲವೆಂಬುದನ್ನು ಬೇರೆ ಹೇಳಬೇಕಾದುದಿಲ್ಲ.

ಫಲವೇನಾಯಿತು? 1717ರಲ್ಲಿ ಪೋಲೆಂಡಿನ ಸೈನ್ಯಕ್ಕೆ 24,000ದ ಮಿತಿಯನ್ನಿಟ್ಟರು. ನಿಜವಾಗಿ ಇದ್ದವರು ಅದಕ್ಕಿಂತಲೂ ಬಹಳ ಕಡಮೆ. ಪೋಲೆಂಡಿಗಿಂತ ಎಷ್ಟೋ ಚಿಕ್ಕದಾದ ಪ್ರಷ್ಯದಲ್ಲಿ 1740ರ ವೇಳೆಗೆ ಸುಮಾರು 80,000 ಸೈನಿಕರಿದ್ದರು. ಮೂರನೆಯ ಆಗಸ್ಟಸನು ಮೂವತ್ತು ವರ್ಷ ಆಳಿದನು. ಆ ಅವಧಿಯಲ್ಲಿ ಶಾಸನಗಳನ್ನು ಮಾಡಿ ಕ್ರಮವಾಗಿ ಮುಗಿದುದು 1736ರ ಸಭೆಯೊಂದೇ. ನೆರೆಯ ದೊರೆಗಳಿಗೆ ಇದಕ್ಕಿಂತ ಸುಲಭವಾದ ಯುದ್ಧ ಬೇಕೆ? ಕೋಟೆಯನ್ನು ಮುತ್ತುವುದಕ್ಕೆ ದಂಡು ಬೇಕು. ಸಭೆಯನ್ನು ಮುರಿಯುವುದಕ್ಕೆ ಒಬ್ಬ ಸದಸ್ಯನ ಲಂಚ ಸಾಕು. 1764ರಲ್ಲಿ ರಷ್ಯವೂ ಪ್ರಷ್ಯವೂ ಮಾಡಿಕೊಂಡ ಕರಾರಿನಲ್ಲಿ ಪೋಲೆಂಡಿನ ಈ ಪದ್ಧತಿಯು ಬದಲಾಗದಂತೆ ಕಾಪಾಡಬೇಕೆಂಬ ಗುಪ್ತವಾದ ಏರ್ಪಾಡೂ ಇತ್ತು. ನಮ್ಮ ನಿಯಮವೊಂದು ಉಳಿಯಲೆಂದು ನಮ್ಮ ಶತ್ರುವೇ ಕಾತರಪಡುತ್ತಿದ್ದರೆ, ಆ ನಿಯಮದ ಗುಣವನ್ನು ತಿಳಿಯಲು ಬೇರೆ ಪ್ರಮಾಣ ಬೇಡ.

ಎಚ್ಚರಿಸುವವರು ಇರಲಿಲ್ಲವೆಂದಲ್ಲ. ಕೊನಾರ್ಸ್ಕಿ ಎಂಬ ಪಾದ್ರಿಯು 1760ರಿಂದ ಬಹುಮತದ ನಿರ್ಣಯವನ್ನು ಸಮರ್ಥಿಸುವ ಗ್ರಂಥವನ್ನು ಪ್ರಕಟಿಸತೊಡಗಿದನು. ಅವನ ಮಾತು ಜನರ ಮನಸ್ಸಿಗೆ ಇಳಿಯುವುದರೊಳಗೆ 1772 ಬಂದಿತು. ರಷ್ಯ, ಪ್ರಷ್ಯ, ಆಸ್ಟ್ರಿಯಗಳು ಪೋಲೆಂಡಿನ ಸುಮಾರು ಮೂರನೆಯ ಒಂದು ಪಾಲು ಜನರನ್ನು ತಮ್ಮೊಳಗೆ ಹಂಚಿಕೊಂಡವು. ಮರುವರ್ಷ ಅದಕ್ಕೆ ಒಪ್ಪಿಗೆ ಕೊಡಲು ಸೇರಿದ ಸಭೆಯಲ್ಲಿ ರೇಯ್ಟಾನನೆಂಬ ಸದಸ್ಯನು ಬಾಗಿಲಿಗೆ ಅಡ್ಡಲಾಗಿ ಮಲಗಿದನು. ಅವನ ಅಡ್ಡಿಯಿಂದ ಏನೂ ನಿಲ್ಲಲಿಲ್ಲ.

ಆ ಪೆಟ್ಟಿನಿಂದ ದೇಶವು ಎಚ್ಚೆತ್ತಿತು. 1788ರಲ್ಲಿ ಸೇರಿದ ಮಹಾಸಭೆಯು ಒಬ್ಬನ ಆಕ್ಷೇಪಣೆಗೆ ಎಡೆಗೊಡದೆ ಬಹುಮತದಿಂದ ನಡೆದು, ಸೈನ್ಯವನ್ನು ಒಂದು ಲಕ್ಷಕ್ಕೆ ಏರಿಸಲು ನಿರ್ಣಯಿಸಿತು. ಕುಲೀನರು ತಮ್ಮ ಜಮೀನಿನ ಉತ್ಪತ್ತಿಯಲ್ಲಿ ನೂರಕ್ಕೆ ಹತ್ತರಂತೆ ತೆರಿಗೆ ಕೊಡಲೊಪ್ಪಿದರು. 1791ನೆಯ ಮೇ 3ರ ರಾಜ್ಯಾಂಗವು ವೀಟೊವನ್ನು ತೆಗೆದುಹಾಕಿತು. ಎಲ್ಲವೂ ಸರಿಯಾಗಿಯೇ ಇತ್ತು, ಕಾಲವೊಂದರ ಹೊರತು. ಮನೆ ಹೊತ್ತಿದ ಮೇಲೆ ಬಾವಿ ತೋಡಿದಂತಾಯಿತು. ನಿರ್ಣಯದ ಒಂದು ಲಕ್ಷವು ಕಾಗದದಲ್ಲಿಯೇ ಉಳಿಯಿತು. 1792ರಲ್ಲಿ ಕೆಲವರು ಮಹಾಶ್ರೀಮಂತರು ಟಾರ್ಗೊವಿಟ್ಸದ ಕೂಟವನ್ನು ಕಟ್ಟಿಕೊಂಡು, ಪೂರ್ವದ ಸ್ವಾತಂತ್ರ್ಯಗಳನ್ನು ಉಳಿಸಿಕೊಡಬೇಕೆಂದು ರಷ್ಯದ ಸೈನ್ಯವನ್ನೇ ಕರೆದರು. ಸೈನ್ಯ ಬಂದಿತು; ಸ್ವಾತಂತ್ರ್ಯ ಹೋಯಿತು.

1793ರಲ್ಲಿ ಗ್ರೊಡ್ನೊ ಪಟ್ಟಣದಲ್ಲಿ ಕಡೆಯ ಸೆಯ್ಮ್ ಸೇರಿತು. ಸುತ್ತಲೂ ರಷ್ಯದ ಸಿಪಾಯಿಗಳ ಕಾವಲು. ಪ್ರಷ್ಯಕ್ಕೆ ನಾಡನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಸಮ್ಮತಿಯುಂಟೆ ಎಂದು ಕೇಳಿದಾಗ ಸದಸ್ಯರಾರೂ ಬಾಯಿ ತೆರೆಯಲಿಲ್ಲ. ಮೌನವೇ ಸಮ್ಮತಿಯೆಂದು ಅಧ್ಯಕ್ಷನು ಸಾರಿದನು. ಯಾವ ಸಭೆಯಲ್ಲಿ ಒಬ್ಬನ ಒಂದು ಮಾತಿಗೆ ರಾಜ್ಯಕಾರ್ಯವೆಲ್ಲ ನಿಲ್ಲುತ್ತಿತ್ತೋ ಆ ಸಭೆಯಲ್ಲಿ ಎಲ್ಲರ ಮೌನಕ್ಕೂ ಬೆಲೆಯಿಲ್ಲದೆ ಹೋಯಿತು. 1795ರಲ್ಲಿ ಪೋಲೆಂಡ್ ಭೂಪಟದಿಂದ ಅಳಿಸಿಹೋಯಿತು. ಮರಳಿ ಸ್ವತಂತ್ರ ರಾಜ್ಯವಾದುದು 1918ರಲ್ಲಿ.

ಇದರಿಂದ ವಿರೋಧಪಕ್ಷವೇ ಬೇಡವೆಂಬ ಪಾಠವನ್ನು ಯಾರೂ ಕಲಿಯದಿರಲಿ. ಪೋಲೆಂಡನ್ನು ನುಂಗಿದ ಮೂರು ರಾಜ್ಯಗಳಲ್ಲಿಯೂ ಪ್ರಜೆಗಳಿಗೆ ಬಾಯಿರಲಿಲ್ಲ. ಅವು ನಮಗೆ ಮೇಲ್ಪಂಕ್ತಿಯಲ್ಲ. ಕಲಿಯಬೇಕಾದುದು ಇಷ್ಟೇ. ರಾಜ್ಯರಕ್ಷಣೆಯ ಸುಧಾರಣೆಗೆ ಅಡ್ಡಬರುವ ಪ್ರತಿನಿಧಿಯನ್ನು ಪ್ರಜೆಗಳು ಮೂರು ಪ್ರಶ್ನೆಗಳನ್ನು ಕೇಳಬೇಕು. ಇದು ಬೇಡವೆಂದರೆ ಇದಕ್ಕೆ ಬದಲು ಏನು? ಉತ್ತರವನ್ನು ಕೇಳಲು ನೀವು ಸಭೆಯಲ್ಲಿ ನಿಲ್ಲುತ್ತೀರಾ? ಇದೇ ಮಸೂದೆಯನ್ನು ನಿಮ್ಮ ಪಕ್ಷದವರೇ ತಂದಿದ್ದರೆ ಆಗಲೂ ಬೇಡವೆನ್ನುತ್ತಿದ್ದಿರಾ? ಈ ಮೂರಕ್ಕೂ ನೇರವಾದ ಉತ್ತರ ಕೊಡಬಲ್ಲವನ ಅಡ್ಡಿ ದೇಶಕ್ಕೆ ಉಪಕಾರವೇ. ಕೊಡಲಾರದವನು ಎಷ್ಟು ಚೆನ್ನಾಗಿ ಮಾತನಾಡಿದರೂ ಸಿಚಿನ್ಸ್ಕಿಯ ವಂಶದವನೆಂದೇ ತಿಳಿಯತಕ್ಕದ್ದು.