ಹೋದವರ ಸಾಲ, ಉಳಿದವರ ಬಾಳು



ಈ ದಿನ ಸಾಲದ ವಿಷಯವಾಗಿ ಎರಡು ಮಾತು ಹೇಳಬೇಕೆಂದಿದ್ದೇವೆ. ಮಠದಲ್ಲಿ ಸಾಲದ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಬಸವಣ್ಣನವರು ಭಂಡಾರದ ಲೆಕ್ಕ ನೋಡಿದವರು. ಲೆಕ್ಕ ಶುದ್ಧವಿಲ್ಲದಲ್ಲಿ ಕಾಯಕವೂ ಶುದ್ಧವಾಗದು.

ಬೈಲಹೊಂಗಲದಲ್ಲಿ ಹತ್ತಿ ಬೆಳೆಯುವ ರೈತ, ರಾಮದುರ್ಗದ ನೇಕಾರ, ಕಿತ್ತೂರು ಸವದತ್ತಿಗಳ ಕೂಲಿಕಾರ, ಇವರಲ್ಲಿ ಸಾಲವಿಲ್ಲದ ಮನೆ ವಿರಳ. ಬಿತ್ತನೆಗೆ ಸೊಸೈಟಿಯ ಸಾಲ, ಮದುವೆಗೆ ಕೈಗಡ, ವಾರವಾರ ಕಟ್ಟುವ ಸಂಘದ ಸಾಲ. ಪಟ್ಟಣಕ್ಕೆ ದುಡಿಯಹೋದ ಮಕ್ಕಳ ಕಿಸೆಯಲ್ಲಿ ಕ್ರೆಡಿಟ್ ಕಾರ್ಡು. ಯಜಮಾನ ಲಿಂಗೈಕ್ಯನಾದರೆ, ಹೆಂಡತಿಯ ಕಣ್ಣೀರು ಆರುವ ಮೊದಲೇ ಸಾಲದವರು ಹೊಸ್ತಿಲಿಗೆ ಬಂದು, "ಇಲ್ಲೊಂದು ಸಹಿ ಮಾಡಿರಿ" ಎನ್ನುತ್ತಾರೆ. ಅಂಥ ತಾಯಂದಿರು ನಮ್ಮಲ್ಲಿಗೆ ಬಂದು ಕೇಳುವುದು ಒಂದೇ ಪ್ರಶ್ನೆ: "ಅಜ್ಜಾರ, ಸಾಲ ತೀರದಿದ್ದರ ಅವರ ಜೀವಕ್ಕ ಶಾಂತಿ ಸಿಗತೈತೇನ್ರಿ?"

ಮೊದಲು ಈ ಭಯವನ್ನು ಬಿಡಿರಿ. ಶರಣಧರ್ಮದಲ್ಲಿ ಪಿಂಡವಿಲ್ಲ, ಪ್ರೇತವಿಲ್ಲ. ಲಿಂಗದಲ್ಲಿ ಬೆರೆತವನನ್ನು ಸಾಲದ ಪತ್ರವು ಎಳೆದು ತರಲಾರದು. ಈ ಭಯದಿಂದಲೇ ಎಷ್ಟೋ ತಾಯಂದಿರು ತಮ್ಮದಲ್ಲದ ಸಾಲಕ್ಕೆ ಹೆಬ್ಬೆಟ್ಟು ಒತ್ತಿದ್ದಾರೆ.

ಸ್ಮೃತಿಕಾರರೂ ಇದನ್ನು ವಿಚಾರ ಮಾಡಿದ್ದಾರೆ. ಯಾಜ್ಞವಲ್ಕ್ಯನ ಮತದಲ್ಲಿ ಪತಿ ಮಾಡಿದ ಸಾಲ ಪತ್ನಿಯ ಮೇಲೆ ಬರುವುದಿಲ್ಲ. ತಾನು ಒಪ್ಪಿಕೊಂಡದ್ದು, ಪತಿಯೊಡನೆ ಕೂಡಿ ಮಾಡಿದ್ದು, ತಾನೇ ಮಾಡಿದ್ದು, ಈ ಮೂರನ್ನು ಮಾತ್ರ ಅವಳು ಕೊಡಬೇಕು. ಆ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರ ಬರೆದದ್ದು ನಮ್ಮ ಕಲ್ಯಾಣದಲ್ಲಿಯೇ. ತಂದೆಯ ಸಾಲ ತೀರಿಸುವುದು ಮಗನ ಧರ್ಮವೆಂಬ ಹಳೆಯ ಕಟ್ಟಳೆಯಿತ್ತು. 2005ರ ತಿದ್ದುಪಡಿಯ ನಂತರ ಹೊಸ ಸಾಲಗಳಿಗೆ ಕೋರ್ಟು ಅದನ್ನು ಒಪ್ಪುವುದಿಲ್ಲ. ಮೃತನ ಆಸ್ತಿಯಲ್ಲಿ ವಾರಸುದಾರರ ಕೈಗೆ ಎಷ್ಟು ಬಂದಿದೆಯೋ ಅಷ್ಟಕ್ಕೇ ಅವರು ಹೊಣೆಯೆಂಬುದು 1908ರ ದಿವಾಣಿ ಸಂಹಿತೆಯ ನಿಯಮ. ಕ್ರೆಡಿಟ್ ಕಾರ್ಡಿನ ಬಾಕಿಗೂ ಇದೇ ಲೆಕ್ಕ. ತಾಯಿಯ ತವರಿನ ಬಂಗಾರ, ಅವಳ ಸ್ವಂತ ಗಳಿಕೆ ಅದಕ್ಕೆ ಸೇರುವುದಿಲ್ಲ.

ಹಾಗೆಂದು ಎಲ್ಲ ಸಾಲವೂ ಮಾಫಾಯಿತೆಂದು ತಿಳಿಯಬಾರದು. ಪಹಣಿಯಲ್ಲಿ ಬೋಜಾ ಇದ್ದರೆ ಅದು ಹೊಲದ ಸಂಗಡ ಬರುತ್ತದೆ. ಜಾಮೀನು ನಿಂತಿದ್ದರೆ ಕೊಡಬೇಕು. ಸಂಘದ ಸಾಲ ಬಹುಮಟ್ಟಿಗೆ ಹೆಣ್ಣುಮಕ್ಕಳ ಹೆಸರಿನಲ್ಲಿಯೇ ಇರುತ್ತದೆ. ರೊಕ್ಕ ಖರ್ಚು ಮಾಡಿದವನು ಗಂಡನಾದರೂ ಕಾಗದದಲ್ಲಿ ಸಾಲಗಾರಳು ಆಕೆಯೇ. ಇದು ಕಠಿಣವಾದ ಮಾತು, ಆದರೂ ಹೇಳಲೇಬೇಕು. ಆದರೆ ವಸೂಲಿಗೂ ಮರ್ಯಾದೆಯಿದೆ. ಕಿರುಸಾಲದವರು ಮುಂಜಾನೆ 9ರ ಮೊದಲು, ಸಂಜೆ 6ರ ನಂತರ ಸಾಲಗಾರರನ್ನು ಕರೆದು ಕಾಡಬಾರದೆಂದು ರಿಜರ್ವ್ ಬ್ಯಾಂಕು 2022ರಲ್ಲಿ ಕಟ್ಟಳೆ ಮಾಡಿತು. ಬಲವಂತದ ವಸೂಲಿಯನ್ನು ಕರ್ನಾಟಕ ಸರಕಾರವು 2025ರಲ್ಲಿ ಶಿಕ್ಷಾರ್ಹ ಅಪರಾಧ ಮಾಡಿದೆ. 10 ವರುಷದವರೆಗೆ ಸೆರೆಮನೆಯುಂಟು.

ಆದ್ದರಿಂದ ತಾಯಂದಿರೇ, ದುಃಖದ ದಿನಗಳಲ್ಲಿ ಯಾವ ಕಾಗದಕ್ಕೂ ಸಹಿ ಮಾಡಬೇಡಿರಿ. ಮೂಲಪತ್ರ ತೋರಿಸೆಂದು ಕೇಳಿರಿ. ಸಾಲಕ್ಕೆ ವಿಮೆಯಿತ್ತೇ ಎಂದು ವಿಚಾರಿಸಿರಿ. ಯಜಮಾನರ ಪಾಸ್‌ಬುಕ್ಕಿನಲ್ಲಿ ವರುಷಕ್ಕೆ 436 ರೂಪಾಯಿ ಕಡಿತವಾಗಿದ್ದರೆ ಅದು ಜೀವನಜ್ಯೋತಿ ವಿಮೆಯಿರಬಹುದು. ಅದರಿಂದ 2 ಲಕ್ಷ ರೂಪಾಯಿ ಬರುತ್ತದೆ. "ಸಾಲ ನಾವು ತೀರಿಸುತ್ತೇವೆ, ಹೊಲದ ಹಕ್ಕು ಬಿಟ್ಟುಕೊಡು" ಎನ್ನುವ ಭಾವ ಮೈದುನರ ಮಾತಿಗೂ ಅವಸರದಿಂದ ತಲೆಯಾಡಿಸಬೇಡಿರಿ. ಪತಿಯನ್ನು ಕಳೆದುಕೊಂಡ ಮೇಲೆಯೇ ಅಲ್ಲವೇ ಕಿತ್ತೂರಿನ ಚೆನ್ನಮ್ಮತಾಯಿ 1824ರಲ್ಲಿ ಕಂಪನಿ ಸರಕಾರಕ್ಕೆ ತಲೆಬಾಗದೆ ನಿಂತದ್ದು? ಆ ತಾಯಿಯ ಸಮಾಧಿ ಬೈಲಹೊಂಗಲದಲ್ಲಿದೆ. ಅವಳ ನಾಡಿನ ಹೆಣ್ಣುಮಕ್ಕಳು ಒಂದು ಚೀಟಿಗೆ ಹೆದರಬೇಕೇ?

ಆದರೆ ಮೃತನು ಬಿಟ್ಟುಹೋದ ಆಸ್ತಿಯನ್ನು ಬಚ್ಚಿಟ್ಟು, ಏನೂ ಇಲ್ಲವೆನ್ನುವುದು ಶರಣರ ಮಾರ್ಗವಲ್ಲ. ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ತಿರುಗಿ ಕಳಿಸಿದರು. ಮನೆಯ ಲೆಕ್ಕ ಅವರಿಗೆ ಗೊತ್ತಿದ್ದುದರಿಂದಲೇ ಅದು ಸಾಧ್ಯವಾಯಿತು.

ಕೊನೆಯದಾಗಿ ಗಂಡಸರಿಗೆ ಒಂದು ಮಾತು. ಹೆಂಡತಿಗೆ ತಿಳಿಸದೆ ಸಾಲ ಮಾಡಿ, ಅವಳ ದುಃಖದ ಮೇಲೆ ಇನ್ನೊಂದು ಭಾರ ಹೇರಿ ಹೋಗಬೇಡಿರಿ. ಈ ರಾತ್ರಿಯೇ ಮನೆಯಲ್ಲಿ ಕುಳಿತು, ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಎಂಬುದನ್ನು ಒಂದು ವಹಿಯಲ್ಲಿ ಬರೆದು ಅವಳ ಕೈಯಲ್ಲಿ ಕೊಡಿರಿ. ಅಂಥ ಸದ್ಬುದ್ಧಿಯನ್ನು ಗುರು ಬಸವಾದಿ ಶರಣರು ನಿಮಗೆಲ್ಲ ಕರುಣಿಸಲೆಂದು ಹಾರೈಸಿ ನಮ್ಮ ಮಾತಿಗೆ ಮಂಗಲ ಹೇಳುತ್ತೇವೆ.