ಗೇರು ಕದಲದ ಆ ಬೆಳಿಗ್ಗೆ



ಕಾರಿನ ಬಗ್ಗೆ ಮಾತಾಡುತ್ತೇನೆ ಎಂದಾಗ ನಮ್ಮ ಕಾರ್ಯದರ್ಶಿಯವರು ನಕ್ಕರು. ನೀವೂ ನಗಬಹುದು, ಪರವಾಗಿಲ್ಲ.

ನಮ್ಮದು ಹದಿನೈದು ವರ್ಷದ ಹಳೇ ಆಟೊಮ್ಯಾಟಿಕ್ ಕಾರು. ನಮ್ಮತ್ತೆಯವರಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ನಮ್ಮನೆಯವರು ಊರಲ್ಲಿಲ್ಲದ ಒಂದು ಬೆಳಿಗ್ಗೆ, ಪುಣೆಯ ನಮ್ಮ ಸೊಸೈಟಿಯಲ್ಲಿ ಅತ್ತೆಯವರನ್ನು ಕಾರಲ್ಲಿ ಕೂರಿಸಿ, ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿದೆ. ಗೇರು 'ಪಿ' ಬಿಟ್ಟು ಕದಲಲೇ ಇಲ್ಲ. ವಾಚ್‌ಮನ್ ಬಂದು "ಜೋರಾತ್ ಓಢಾ ಮ್ಯಾಡಮ್" ಅಂದ. ಜೋರಾಗಿ ಎಳೆದಿದ್ದರೆ ಲಿವರೇ ಕೈಗೆ ಬರುತ್ತಿತ್ತೇನೋ!

ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. "ಬ್ರೇಕ್ ಒತ್ತಿದಾಗ ಹಿಂದೆ ಕೆಂಪು ದೀಪ ಹತ್ತುತ್ತಾ, ಯಾರಿಗಾದರೂ ನೋಡೋಕೆ ಹೇಳಿ" ಎಂದ. ವಾಚ್‌ಮನ್ ನೋಡಿದ. ಹತ್ತಲಿಲ್ಲ.

ಆಗ ತಿಳಿಯಿತು. ಬ್ರೇಕ್ ಪೆಡಲ್ ಮೇಲೆ ಒಂದು ಪುಟ್ಟ ಸ್ವಿಚ್ ಇರುತ್ತದೆ. ಹಿಂದಿನ ದೀಪ ಹೊತ್ತಿಸುವುದೂ ಅದೇ, ಗೇರಿನ ಬೀಗ ಬಿಡಿಸುವುದೂ ಅದೇ. ಸ್ವಿಚ್ಚೋ ಅದರ ಫ್ಯೂಸೋ ಹೋದರೆ, ನಾವು ಬ್ರೇಕ್ ಒತ್ತಿದ್ದು ಗೇರಿಗೆ ಗೊತ್ತಾಗುವುದಿಲ್ಲ.

ಇದಕ್ಕೆಂದೇ ಅನೇಕ ಕಾರುಗಳಲ್ಲಿ ಗೇರಿನ ಪಕ್ಕ ಸಣ್ಣ ಮುಚ್ಚಳವಿರುತ್ತದೆ. ಮೆಕ್ಯಾನಿಕ್ ಹೇಳಿದಂತೆ ಹ್ಯಾಂಡ್‌ಬ್ರೇಕ್ ಎಳೆದು, ಕಾಲು ಬ್ರೇಕ್ ಮೇಲೇ ಇಟ್ಟು, ಮುಚ್ಚಳ ತೆಗೆದು, ಒಳಗೆ ಸ್ಕ್ರೂಡ್ರೈವರ್ ತುದಿ ಒತ್ತಿ ಲಿವರ್ ಸರಿಸಿದೆ. ಸರಿಯಿತು! ಹೊರಟೇಬಿಡೋಣ ಎನ್ನುವಷ್ಟರಲ್ಲಿ ಅವನೇ ತಡೆದ: "ಗಾಡಿ ಹೋಗುತ್ತೆ. ಆದರೆ ನೀವು ಬ್ರೇಕ್ ಹಾಕಿದ್ದು ಹಿಂದೆ ಬರೋ ಬಸ್ಸಿನವನಿಗೆ ಹೇಗೆ ಗೊತ್ತಾಗಬೇಕು?"

ನಾನು ಸುಮ್ಮನಾದೆ. ಹಿಂದಿನ ಸೀಟಿನಿಂದ ಅತ್ತೆಯವರು "ಸಾಕು ಬಿಡಮ್ಮ, ರಿಕ್ಷಾ ಕರಿ" ಎಂದರು. ಮತ್ತೆ 'ಪಿ'ಗೆ ಹಾಕಿ ಇಳಿದೆವು. ಆಸ್ಪತ್ರೆಗೆ ಇಪ್ಪತ್ತು ನಿಮಿಷ ತಡವಾಯಿತು, ಅಷ್ಟೇ. ಸಂಜೆ ಮೆಕ್ಯಾನಿಕ್ ಬಂದು ಸ್ವಿಚ್ ಬದಲಿಸಿದ.

ಅಂದಿನಿಂದ ಎರಡು ಅಭ್ಯಾಸ ಮಾಡಿಕೊಂಡಿದ್ದೇನೆ. ವಾರಕ್ಕೊಮ್ಮೆ ಗೋಡೆಗೆ ಬೆನ್ನು ಮಾಡಿ ಕಾರು ನಿಲ್ಲಿಸಿ, ಬ್ರೇಕ್ ಒತ್ತಿ, ಗೋಡೆಯ ಮೇಲೆ ಕೆಂಪು ಬೆಳಕು ಬೀಳುತ್ತಾ ಎಂದು ಕನ್ನಡಿಯಲ್ಲಿ ನೋಡುತ್ತೇನೆ. ಇಳಿಜಾರಿನಲ್ಲಿ ನಿಲ್ಲಿಸುವಾಗ ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ 'ಪಿ'. ಇಲ್ಲದಿದ್ದರೆ ಕಾರಿನ ಭಾರವೆಲ್ಲ ಗೇರಿನ ಮೇಲೆ ಬಿದ್ದು, ಲಿವರ್ ಬಿಗಿದುಕೊಳ್ಳುತ್ತದೆ.

ಇವತ್ತು ಮನೆಗೆ ಹೊರಡುವ ಮೊದಲು ನಿಮ್ಮ ಕಾರಿನ ಹಿಂದೆ ಒಬ್ಬರನ್ನು ನಿಲ್ಲಿಸಿ, ಬ್ರೇಕ್ ಒತ್ತಿ ನೋಡಿ. ಯಾರೂ ಸಿಗದಿದ್ದರೆ ನನ್ನನ್ನೇ ಕರೆಯಿರಿ.