ಕೋಡಂಗಿಯ ಬಾಯಿಗೆ ಬೀಗ ಹಾಕಿದವರು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕನ್ನಡದ ಗೆಳೆಯರೇ,

ವಿದುರಾಶ್ವತ್ಥಕ್ಕೆ ಹೋಗಿ ಬಂದಿದ್ದೀರಲ್ಲ? ನಾಗರಕಲ್ಲಿಗೆ ಕೈಮುಗಿದು, ಫೋಟೋ ತೆಗೆಸಿಕೊಂಡು ಬಸ್ಸು ಹತ್ತುತ್ತೀರಿ. ಅದೇ ನೆಲದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹೆಸರಿಗೆ ಮೈಸೂರು ಮಹಾರಾಜರ ಆಡಳಿತ, ಬೆನ್ನ ಹಿಂದೆ ಬ್ರಿಟಿಷ್ ರೆಸಿಡೆಂಟ್. ಸತ್ತವರೆಷ್ಟು ಎಂಬುದರಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆಯಾಗಲೇ ಇಲ್ಲ. ಗಾಂಧೀಜಿ ಪಟೇಲರನ್ನೂ ಕೃಪಲಾನಿಯವರನ್ನೂ ಕಳಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ರಾಜಿಗೆ ಬಂದರು. ಸ್ಮಾರಕವೂ ಎದ್ದಿದೆ. ಸರಿ, ಇದರ ಆಟವನ್ನು ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ?

ಆಟ ಎಂದರೆ ಬರೀ ಮೋಜಲ್ಲ. ನಿಮ್ಮ ಸೀಮೆಯ ಕೇಳಿಕೆ ಮೂಡಲಪಾಯದ ಬಂಧು. ಬಯಲಾಟದಲ್ಲಿ ರಾಜವೇಷ ಎಷ್ಟೇ ಗರ್ಜಿಸುತ್ತ ಬರಲಿ, ‘ಯಾರಪ್ಪಾ ನೀನು?’ ಎಂಬ ಪ್ರಶ್ನೆಗೆ ಹೆಸರು, ಊರು ಹೇಳಲೇಬೇಕು. ಪಕ್ಕದಲ್ಲೇ ಕೋಡಂಗಿ ನಿಂತು ಅಣಕಿಸುತ್ತಾನೆ. ದೊರೆಗಳಿಗೆ ನುಂಗಲಾಗದ ತುತ್ತು ಇದೇ! ನೀಲಿ ತೋಟದ ಬಿಳಿಯರ ಕ್ರೌರ್ಯ ಬಯಲು ಮಾಡಿದ ದೀನಬಂಧು ಮಿತ್ರರ ‘ನೀಲದರ್ಪಣ’ದಂಥ ಬಂಗಾಳಿ ನಾಟಕಗಳಿಗೆ ಬೆಚ್ಚಿ, 1876ರಲ್ಲಿ ನಾಟಕ ಪ್ರದರ್ಶನ ಕಾಯ್ದೆ ತಂದರು. ಖಾಡಿಲ್ಕರರ ಮರಾಠಿ ‘ಕೀಚಕವಧ’ದ ಕೀಚಕನಲ್ಲಿ ಜನ ಲಾರ್ಡ್ ಕರ್ಜನ್‌ನನ್ನು ಕಂಡರು. ವಿರಾಟಪರ್ವ ಬಲ್ಲವರಿಗೆ ಬಿಡಿಸಿ ಹೇಳಬೇಕೇ? 1910ರಲ್ಲಿ ಅದಕ್ಕೂ ನಿಷೇಧ.

ಗುಂಡಿಗೆ ಹಾಡು ಏನು ಮಾಡೀತು ಎನ್ನುವವರಿಗೆ ನೈಜೀರಿಯಾದ ಹ್ಯೂಬರ್ಟ್ ಒಗುಂಡೆಯ ಕಥೆ ಹೇಳುತ್ತೇನೆ. ಈ ಪುಣ್ಯಾತ್ಮ ಮೊದಲು ಬ್ರಿಟಿಷರ ಕೈಕೆಳಗೆ ಪೊಲೀಸ್ ಪೇದೆ! ಕೆಲಸ ಬಿಟ್ಟು ತನ್ನ ಯೊರುಬಾ ಜನರಿಗಾಗಿ ಹಾಡು, ಕುಣಿತ, ಲೇವಡಿಯ ನಾಟಕ ಕಂಪನಿ ಕಟ್ಟಿದ. 1945ರ ಕಾರ್ಮಿಕರ ಮುಷ್ಕರದ ಮೇಲೆ ‘ಸ್ಟ್ರೈಕ್ ಅಂಡ್ ಹಂಗರ್’ ಆಡಿದ; ಜಾಸ್ ಪಟ್ಟಣದಲ್ಲಿ ಅದನ್ನು ತಡೆದರು. 1949ರಲ್ಲಿ ಎನುಗು ಗಣಿಯಲ್ಲಿ ಪೊಲೀಸರು 21 ಕಾರ್ಮಿಕರನ್ನು ಗುಂಡಿಟ್ಟು ಕೊಂದಾಗ ‘ಬ್ರೆಡ್ ಅಂಡ್ ಬುಲೆಟ್’ ಕಟ್ಟಿದ. ಸ್ವಾತಂತ್ರ್ಯ ಬಂತು. 1964ರಲ್ಲಿ ‘ಯೊರುಬಾ ರೊನು’ ಆಡಿ ತನ್ನವರನ್ನೇ ಚುಚ್ಚಿದ. ಆಗ ಸ್ವದೇಶಿ ಸರ್ಕಾರವೇ ಅವನ ಕಂಪನಿಗೆ ನಿಷೇಧ ಹಾಕಿತು!

ನಗಬೇಡಿ. ಅದೇ 1964ರಲ್ಲಿ ನಮ್ಮ ವಿಧಾನಮಂಡಲವೂ ತನ್ನದೊಂದು ನಾಟಕ ಪ್ರದರ್ಶನ ಕಾಯ್ದೆ ಮಾಡಿತು. ಬ್ರಿಟಿಷರ 1876ರ ಕಾಯ್ದೆಯನ್ನು ದೆಹಲಿ ರದ್ದು ಮಾಡಿದ್ದು 2018ರಲ್ಲಿ. ಬಿಳಿಯರು ಹೋದರೂ ಬೀಗದ ಕೈ ಇಲ್ಲೇ ಇತ್ತು.

ಇನ್ನೊಂದು ಮಾತು, ನಮ್ಮವರಿಗೇ. ಕೇಳಿಕೆಯಲ್ಲಿ ತೆಲುಗು ಪದ ಬರುತ್ತದೆ, ಅದು ನಮ್ಮದಲ್ಲ ಎಂದು ಕೆಲವು ಗೆಳೆಯರು ಮೂಗು ಮುರಿಯುತ್ತಾರೆ. ನಾನು ಒಪ್ಪುವುದಿಲ್ಲ. ಕೈವಾರದ ತಾತಯ್ಯನವರು ಎರಡು ಭಾಷೆಯಲ್ಲೂ ಹಾಡಿದವರು. ಅವರನ್ನು ಗಡಿಯಾಚೆ ಕಳಿಸುತ್ತೀರಾ? ಗಡಿಯ ಅಜ್ಜಿ ತೆಲುಗು ಪದ ಹಾಡಿದರೆ ಕನ್ನಡ ಸಾಯುವುದಿಲ್ಲ. ಮೊಮ್ಮಗನಿಗೆ ಆಟ ಕಟ್ಟಲು ಯಾವ ಭಾಷೆಯೂ ಬಾರದಿದ್ದರೆ ಸಾಯುತ್ತದೆ.

ಬರುವ ಏಪ್ರಿಲ್ 25ಕ್ಕೆ ಹಾರ, ಭಾಷಣ ಇದ್ದೇ ಇರುತ್ತವೆ. ನೀವು ಈಗಲೇ ಹಳ್ಳಿಗಳಿಗೆ ಹೋಗಿ ಪದ ಬಲ್ಲ ಹಿರಿಯರನ್ನು ಹುಡುಕಿ. ಒಬ್ಬ ಭಾಗವತ, ಒಂದು ಮದ್ದಳೆ, ಒಬ್ಬ ಕೋಡಂಗಿ ಸಾಕು. ಬಂದೂಕು ಹಿಡಿದ ವೇಷ ರಂಗಕ್ಕೆ ಬರಲಿ. ಕೋಡಂಗಿ ಮುಂದೆ ಬಂದು ಕೇಳಲಿ: ‘ಯಾರಪ್ಪಾ ನೀನು? ಯಾರ ಅಪ್ಪಣೆ ನಿನಗೆ?’